ಗಲ್ಫಿಗೆ ಹೊರಟವರು ಊರಲ್ಲೇ ಮುಗಿಸಬೇಕಾದ ಕೆಲಸ

ದುಬೈ, ರಿಯಾದ್, ದೋಹಾ, ಮಸ್ಕತ್, ಎಲ್ಲಿಗೇ ಹೋಗಿ, ಅಲ್ಲಿ ಕಾಡುವ ತಾಪತ್ರಯಗಳಲ್ಲಿ ಬಹುಪಾಲು ಊರಲ್ಲಿ ಅರ್ಧಕ್ಕೆ ಬಿಟ್ಟು ಬಂದ ಕಾಗದದಿಂದಲೇ ಹುಟ್ಟಿರುತ್ತವೆ. ರಾಯಚೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದೆರಡು ಓಡಾಟಕ್ಕೆ ಮುಗಿಯುವ ಕೆಲಸವನ್ನು ಶಾರ್ಜಾದಲ್ಲಿ ಕೂತು ಮಾಡಿಸಲು ಹೊರಟರೆ ಕಾನ್ಸುಲೇಟು, ಕೊರಿಯರ್, ಏಜೆಂಟು, ಊರಲ್ಲಿರುವ ತಮ್ಮನ ರಜೆ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆಯಿಂದ ಎಲೆಕ್ಟ್ರಿಷಿಯನ್, ಫಿಟ್ಟರ್, ಡ್ರೈವರ್, ನರ್ಸ್, ಅಕೌಂಟೆಂಟ್ ಕೆಲಸಕ್ಕೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಅಮೆರಿಕ, ಯುರೋಪಿಗೆ ಹೋಗುವವರಿಗೆ ದುಡ್ಡಿನ ಭಾಗ ಅನ್ವಯಿಸುತ್ತದೆ, ಉಳಿದದ್ದು ಅಷ್ಟಾಗಿ ಇಲ್ಲ.

ಹೆಸರು, ಹುಟ್ಟಿದ ದಿನ, ಹುಟ್ಟಿದ ಜಿಲ್ಲೆ

ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಹೆಸರು 'ಬಸವರಾಜ ತಂದೆ ಶರಣಪ್ಪ' ಅಂತ ಇರುತ್ತದೆ. ಆಧಾರ್‌ನಲ್ಲಿ ಬರೀ 'ಬಸವರಾಜ', ಪ್ಯಾನ್ ಕಾರ್ಡಿನಲ್ಲಿ 'ಬಸವರಾಜ್ ಎಸ್', ಡ್ರೈವಿಂಗ್ ಲೈಸೆನ್ಸಿನಲ್ಲಿ ಹಿಂದೆ ಊರಿನ ಹೆಸರು. ಇಲ್ಲಿ ಇದನ್ನು ಯಾರೂ ತಪ್ಪೆಂದು ಕಾಣುವುದಿಲ್ಲ. ಅಲ್ಲಿ ಇದೇ ನಾಲ್ಕು ಬೇರೆ ಬೇರೆ ಮನುಷ್ಯರಾಗಿ ಕಾಣುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರಿನ (ಸರ್‌ನೇಮ್) ಜಾಗವನ್ನು ಖಾಲಿ ಬಿಡಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ಭೇಟಿ ವೀಸಾದ ಮೇಲೆ ಬಿಟ್ಟುಕೊಳ್ಳುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಅಡ್ಡಹೆಸರಾಗಿ ಹಾಕಿ, ಮೊದಲು ಆಧಾರ್ ಮತ್ತು ಪ್ಯಾನ್ ಅದೇ ಅಕ್ಷರಗಳಿಗೆ ತಂದು, ಆಮೇಲೆ ಪಾಸ್‌ಪೋರ್ಟಿಗೆ ಹೋಗುವುದು ಸರಿಯಾದ ಕ್ರಮ. ಉಲ್ಟಾ ಮಾಡಿದರೆ ಎರಡು ಸಲ ದುಡ್ಡು, ಎರಡು ಸಲ ಪೊಲೀಸ್ ಪರಿಶೀಲನೆ.

ಹುಟ್ಟಿದ ದಿನದ್ದು ಇನ್ನೊಂದು ಕತೆ. ಶಾಲೆಗೆ ಸೇರಿಸುವಾಗ ಮಾಸ್ತರು ಜೂನ್ 1 ಅಂತ ಬರೆದುಕೊಂಡವರ ಸಂಖ್ಯೆ ನಮ್ಮಲ್ಲಿ ಕಡಿಮೆಯಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ದಿನಾಂಕ ಇದ್ದರೆ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ತಿದ್ದಿಸಿ. ಆಧಾರ್‌ನಲ್ಲಿ ಜನ್ಮದಿನವನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಲು ಬಿಡುತ್ತಾರೆ, ಆದ್ದರಿಂದ ಅಂಕಪಟ್ಟಿ ಕೈಯಲ್ಲಿ ಹಿಡಿದೇ ಕೇಂದ್ರಕ್ಕೆ ಹೋಗಬೇಕು.

ಮೂರನೆಯದು ನಮ್ಮ ಭಾಗಕ್ಕೇ ವಿಶೇಷ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಹುಟ್ಟಿದವರ ಹಳೆಯ ದಾಖಲೆಯಲ್ಲಿ ರಾಯಚೂರು ಜಿಲ್ಲೆ ಎಂದೇ ಇರುತ್ತದೆ. ಹೊಸಪೇಟೆ, ಕೂಡ್ಲಿಗಿ, ಹಡಗಲಿಯವರದ್ದು 2021ರ ತನಕ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ. ಇದರ ಮೇಲೆ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ 'ಬೆಳ್ಳಾರಿ' ಹೋಗಿ 'ಬಳ್ಳಾರಿ' ಬಂತು, 'ಗುಲ್ಬರ್ಗ' ಹೋಗಿ 'ಕಲಬುರಗಿ' ಬಂತು. ಇದಕ್ಕಾಗಿ ಹಳೆಯ ಅಂಕಪಟ್ಟಿ ತಿದ್ದಿಸಲು ಓಡಾಡಬೇಕಿಲ್ಲ, ಯಾರೂ ತಿದ್ದಿಕೊಡುವುದೂ ಇಲ್ಲ. ಆದರೆ ಕಂಪನಿಯ ಎಚ್‌ಆರ್‌ನವರು ಇವು ಎರಡು ಬೇರೆ ಊರು ಎಂದು ಹಿಡಿದುಕೊಂಡರೆ ತೋರಿಸಲು ಜಿಲ್ಲೆಯ ರಚನೆ ಅಥವಾ ಹೆಸರು ಬದಲಾವಣೆಯ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ಅಷ್ಟು ಸಾಕು.

ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಹೋಗಬೇಕಿಲ್ಲ. ರಾಯಚೂರು, ಬಳ್ಳಾರಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಆಗುತ್ತದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ, ತತ್ಕಾಲ್ ಆದರೆ ಮೇಲೆ 2000. ಅರ್ಜಿಯ ಜೊತೆ ಎಸ್ಸೆಸ್ಸೆಲ್ಸಿ ಪಾಸಾದ ಅಂಕಪಟ್ಟಿಯನ್ನು ಮರೆಯದೆ ಕೊಡಿ. ಅದನ್ನು ಕೊಡದವರ ಪಾಸ್‌ಪೋರ್ಟಿನ ಮೇಲೆ ವಲಸೆ ತಪಾಸಣೆ ಬೇಕು ಎಂಬ ಇಸಿಆರ್ ಮುದ್ರೆ ಬೀಳುತ್ತದೆ. ಹತ್ತನೇ ಇಯತ್ತೆ ಪಾಸಾಗಿಯೂ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯವನ ಅವಸರಕ್ಕೆ ಈ ಮುದ್ರೆ ಬಿದ್ದಿದ್ದರೆ, ಮರುವಿತರಣೆಗೆ ಅರ್ಜಿ ಹಾಕಿ ತೆಗೆಸಬಹುದು. ಹೊರಡುವ ವಾರದಲ್ಲಿ ಅಲ್ಲ, ಈಗಲೇ.

ಇಸಿಆರ್ ಇದ್ದವರಿಗೆ

1983ರ ವಲಸೆ ಕಾಯ್ದೆಯಂತೆ ಇಸಿಆರ್ ಪಾಸ್‌ಪೋರ್ಟ್ ಇದ್ದವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಲೇಬೇಕು. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್, ಮಲೇಷ್ಯಾ ಎಲ್ಲವೂ ಆ ಪಟ್ಟಿಯಲ್ಲಿವೆ. ಅರ್ಜಿ ಇ-ಮೈಗ್ರೇಟ್ ಜಾಲತಾಣದ ಮೂಲಕ. ಇದರಿಂದ ತಪ್ಪಿಸಿಕೊಳ್ಳಲು ಏಜೆಂಟರು ಹೇಳಿಕೊಡುವ ದಾರಿ ಒಂದೇ: "ಮೊದಲು ವಿಸಿಟ್ ವೀಸಾದ ಮೇಲೆ ಹೋಗು, ಅಲ್ಲೇ ಬದಲಿ ಮಾಡಿಸೋಣ." ಹೀಗೆ ಹೋದವರ ಹೆಸರು ಭಾರತ ಸರ್ಕಾರದ ಯಾವ ದಾಖಲೆಯಲ್ಲೂ ಕೆಲಸಗಾರ ಎಂದು ಇರುವುದಿಲ್ಲ, ಕರಾರು ಇರುವುದಿಲ್ಲ, ವಿಮೆ ಇರುವುದಿಲ್ಲ. ಭೇಟಿ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ಪಗಾರ ಕೊಡದಿದ್ದರೆ ದೂರು ಕೊಡಲು ಹೋದವನೇ ಸಿಕ್ಕಿಬೀಳುತ್ತಾನೆ.

ಆ ವಿಮೆಯ ಹೆಸರು ಪ್ರವಾಸಿ ಭಾರತೀಯ ಬಿಮಾ ಯೋಜನೆ. ಇಸಿಆರ್ ಇದ್ದವರಿಗೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ. ಪಾಲಿಸಿಯ ಪ್ರತಿ ಮನೆಯವರ ಹತ್ತಿರ ಇರಬೇಕು. ಪಾಲಿಸಿ ಇದೆ ಎಂದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಏಜೆಂಟರ ವಿಚಾರದಲ್ಲಿ ಒಂದು ಅಂಕಿ ನೆನಪಿಡಿ. ನೋಂದಾಯಿತ ನೇಮಕಾತಿ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 35,400. ಊರಲ್ಲಿ ಒಂದೂವರೆ ಲಕ್ಷ ಕೇಳುವವನು ಸಾಮಾನ್ಯವಾಗಿ ಏಜೆಂಟನೇ ಅಲ್ಲ, ಏಜೆಂಟನ ಕೈಕೆಳಗಿನ ಸಬ್ ಏಜೆಂಟ್. ಕಾನೂನಿನ ಪ್ರಕಾರ ಹಾಗೊಂದು ಸ್ಥಾನವೇ ಇಲ್ಲ. ಇ-ಮೈಗ್ರೇಟ್‌ನಲ್ಲಿ ಏಜೆಂಟನ ಲೈಸೆನ್ಸ್ ಸಂಖ್ಯೆ ಹಾಕಿ ನೋಡಿ, ದುಡ್ಡು ಬ್ಯಾಂಕಿನ ಮೂಲಕವೇ ಕೊಡಿ, ರಸೀದಿ ತೆಗೆದುಕೊಳ್ಳಿ. ಯುಎಇ ಕಾನೂನಿನಲ್ಲಂತೂ ನೇಮಕಾತಿಯ ಖರ್ಚು ಮಾಲೀಕನದ್ದೇ.

ಇಸಿಆರ್ ಪಾಸ್‌ಪೋರ್ಟ್ ಇರುವ ಮಹಿಳೆಯರು ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. ಇಪ್ಪತ್ತೆಂಟಕ್ಕೇ "ನಾನು ಕಳಿಸುತ್ತೇನೆ" ಎನ್ನುವವನ ಮನೆಯ ಹೊಸ್ತಿಲು ತುಳಿಯಬೇಡಿ.

ಸರ್ಟಿಫಿಕೇಟುಗಳು

ಮೊದಲ ಮಾತು: ಮೂಲ ಪ್ರಮಾಣಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ದೃಢೀಕರಣದ ಮುದ್ರೆಗಳೆಲ್ಲ ಅದರ ಬೆನ್ನಿಗೇ ಬೀಳಬೇಕು. ಪ್ಲಾಸ್ಟಿಕ್ ಮೇಲೆ ಮುದ್ರೆ ಕೂಡುವುದಿಲ್ಲ, ಪ್ಲಾಸ್ಟಿಕ್ ಕೀಳಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಈಗಾಗಲೇ ಮಾಡಿಸಿದ್ದರೆ ನಕಲು ಅಂಕಪಟ್ಟಿಗೆ ಅರ್ಜಿ ಹಾಕುವುದೇ ದಾರಿ.

ಎರಡನೆಯದು, ಅಂಕಪಟ್ಟಿ ಮತ್ತು ತಾತ್ಕಾಲಿಕ ಪ್ರಮಾಣಪತ್ರ ಪದವಿ ಅಲ್ಲ. ಘಟಿಕೋತ್ಸವದ ಪದವಿ ಪತ್ರವೇ ಬೇಕು. ನಮ್ಮ ಕಡೆ ಅದನ್ನು ತೆಗೆದುಕೊಳ್ಳದೆ ಬಿಟ್ಟವರೇ ಹೆಚ್ಚು, ಯಾಕೆಂದರೆ ಇಲ್ಲಿನ ಕೆಲಸಕ್ಕೆ ಅದನ್ನು ಯಾರೂ ಕೇಳಿರುವುದಿಲ್ಲ. ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಓದಿದ ಹಳಬರ ಪದವಿ ಗುಲಬರ್ಗಾ ವಿಶ್ವವಿದ್ಯಾಲಯದ್ದು, ಅಂದರೆ ಕಲಬುರಗಿಗೆ ಹೋಗಬೇಕು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದ ಮೇಲೆ ಬಳ್ಳಾರಿಯವರದ್ದೂ, ಕೊಪ್ಪಳಕ್ಕೆ ತನ್ನದೇ ವಿಶ್ವವಿದ್ಯಾಲಯ ಆಗುವ ಮೊದಲು ಓದಿದ ಕೊಪ್ಪಳದವರದ್ದೂ ಅಲ್ಲಿ. ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯು. ಪದವಿ ಪತ್ರಕ್ಕೆ ಅರ್ಜಿ ಹಾಕುವಾಗಲೇ ಅದರ ನೈಜತೆ ಪರಿಶೀಲನೆಯ ಪತ್ರವನ್ನೂ ಕೇಳಿದರೆ ಎರಡನೇ ಪ್ರಯಾಣ ಉಳಿಯುತ್ತದೆ.

ಆಮೇಲಿನ ಸರಪಳಿ ಹೀಗೆ: ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ. ಒಮಾನ್, ಬಹ್ರೇನ್ ಮತ್ತು 2022ರ ಡಿಸೆಂಬರಿನಿಂದ ಸೌದಿ, ಒಂದು ದೇಶದ ದೃಢೀಕರಣವನ್ನು ಇನ್ನೊಂದು ಒಪ್ಪುವ ಹೇಗ್ ಒಪ್ಪಂದದಲ್ಲಿವೆ. ಅವುಗಳಿಗೆ ವಿದೇಶಾಂಗ ಸಚಿವಾಲಯ ಹಾಕುವ ಅಪೊಸ್ಟಿಲ್ ಎಂಬ ದೃಢೀಕರಣ ಸಾಕು, ರಾಯಭಾರ ಕಚೇರಿಯ ಹೆಜ್ಜೆ ಬೇಡ. ಯುಎಇ, ಕತಾರ್, ಕುವೈತಿಗೆ ಪೂರ್ತಿ ಸರಪಳಿ ದಾಟಲೇಬೇಕು. ಸಚಿವಾಲಯ ಕಾಗದಗಳನ್ನು ನೇರವಾಗಿ ಕೈಯಿಂದ ತೆಗೆದುಕೊಳ್ಳುವುದಿಲ್ಲ, ಅದು ನೇಮಿಸಿದ ಏಜೆನ್ಸಿಗಳ ಮೂಲಕ ಹೋಗಬೇಕು. ಯಾವ ಪ್ರಮಾಣಪತ್ರ ಬೇಕೆಂದು ಕಂಪನಿಯಿಂದ ಬರಹದಲ್ಲಿ ಕೇಳಿಕೊಂಡು ಅಷ್ಟನ್ನೇ ಮಾಡಿಸಿ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲದಕ್ಕೂ ಮುದ್ರೆ ಹೊಡೆಸಿ ಎನ್ನುವುದು ಏಜೆಂಟನ ಲಾಭದ ಮಾತು.

ಅನುಭವ ಪತ್ರದ ವಿಷಯದಲ್ಲಿ ನಮ್ಮವರು ಬಹಳ ಸೋಲುತ್ತಾರೆ. ಶಕ್ತಿನಗರದ ಥರ್ಮಲ್‌ನಲ್ಲೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಎಂಟು ವರ್ಷ ಗುತ್ತಿಗೆದಾರನ ಕೈಕೆಳಗೆ ಫಿಟ್ಟರ್ ಆಗಿ ದುಡಿದಿರುತ್ತಾರೆ, ಆ ಗುತ್ತಿಗೆದಾರ ಈಗ ಬಾಗಿಲು ಹಾಕಿಕೊಂಡಿರುತ್ತಾನೆ. ಇಂಥವರಿಗೆ ಪಿಎಫ್ ಪಾಸ್‌ಬುಕ್ಕೇ ದೊಡ್ಡ ಸಾಕ್ಷಿ. ಯಾವ ಸಂಸ್ಥೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಅದರಲ್ಲಿ ಮುದ್ರಿತವಾಗಿಯೇ ಇರುತ್ತದೆ. ಪಿಎಫ್‌ನ ಯುಎಎನ್ ಸಂಖ್ಯೆಗೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಜೋಡಿಸಿ, ಎಲ್ಲ ಹಳೆ ಸದಸ್ಯ ಸಂಖ್ಯೆಗಳನ್ನು ಒಂದಕ್ಕೆ ತಂದು, ಪಾಸ್‌ಬುಕ್ ಇಳಿಸಿಕೊಳ್ಳಿ. ಗುತ್ತಿಗೆದಾರ ಇನ್ನೂ ಇದ್ದರೆ ಲೆಟರ್‌ಹೆಡ್ ಮೇಲೆ ಕೆಲಸದ ಹೆಸರು, ದಿನಾಂಕ, ಸಹಿ, ಸೀಲು ಹಾಕಿಸಿ ಪತ್ರ ತೆಗೆದುಕೊಳ್ಳಿ. 'ಒಳ್ಳೆಯ ನಡತೆಯವರು' ಎಂಬ ಒಂದು ಸಾಲಿನ ಪತ್ರ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ವೆಲ್ಡರ್ ಆದರೆ ಯಾವ ಸ್ಥಾನದ ಪರೀಕ್ಷೆ ಪಾಸಾಗಿದ್ದೀರಿ ಎಂಬುದು ಬರೆದಿರಬೇಕು. ಓರೆಯಾಗಿ ನಿಲ್ಲಿಸಿದ ಪೈಪು ಬೆಸೆಯುವ 6ಜಿ ಪಾಸಾದವನಿಗೂ ನೆಟ್ಟಗೆ ನಿಲ್ಲಿಸಿದ ಪ್ಲೇಟು ಬೆಸೆಯುವ 3ಜಿ ಪಾಸಾದವನಿಗೂ ಪಗಾರ ಒಂದೇ ಅಲ್ಲ.

ವೈದ್ಯಕೀಯ ತಪಾಸಣೆಗೆ ಗಲ್ಫ್ ದೇಶಗಳ ವಾಫಿದ್ ಜಾಲತಾಣದಲ್ಲಿ ಹೆಸರು ಹಚ್ಚಿದರೆ ಮಾನ್ಯತೆ ಇರುವ ಕೇಂದ್ರದ ಚೀಟಿ ಬರುತ್ತದೆ. ರಾಯಚೂರಿನವರಿಗೆ ಹೈದರಾಬಾದ್ ಅನುಕೂಲ. ಬಹಳ ಜನ ಬೀಳುವುದು ಎಕ್ಸ್‌ರೇಯಲ್ಲಿ: ಎಂದೋ ವಾಸಿಯಾದ ಕ್ಷಯದ ಕಲೆ ಎದೆಯಲ್ಲಿ ಉಳಿದಿದ್ದರೂ 'ಅನ್‌ಫಿಟ್' ಬರುತ್ತದೆ. ಹಿಂದೆ ಕ್ಷಯಕ್ಕೆ ಮಾತ್ರೆ ನುಂಗಿದವರು ಏಜೆಂಟನಿಗೆ ದುಡ್ಡು ಕೊಡುವ ಮೊದಲೇ ಊರಲ್ಲಿ ಒಂದು ಎಕ್ಸ್‌ರೇ ತೆಗೆಸಿ ನೋಡಿಕೊಳ್ಳಬೇಕು. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ತಪಾಸಣೆಯೂ ಇರುತ್ತದೆ.

ಮುಂದೆ ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವ ಆಸೆ ಇದ್ದರೆ ಮದುವೆ ನೋಂದಣಿಯನ್ನು ಹೊರಡುವ ಮೊದಲೇ ಮುಗಿಸಿ. ಸಾಮಾನ್ಯವಾಗಿ ಇಬ್ಬರೂ ಖುದ್ದಾಗಿ ಸಹಿ ಹಾಕಬೇಕಾದ ಕೆಲಸ ಅದು, ಒಬ್ಬರು ಅಲ್ಲಿ ಒಬ್ಬರು ಇಲ್ಲಿ ಆದಮೇಲೆ ರಜೆಗೆ ಬರುವತನಕ ಕಾಯಬೇಕು. ಹಿಂದೂ ವಿವಾಹವಾದರೆ ಲಗ್ನಪತ್ರಿಕೆ, ಫೋಟೊ, ಸಾಕ್ಷಿಗಳೊಂದಿಗೆ ಬೇಗ ಆಗುತ್ತದೆ. ಮುಸ್ಲಿಂ ದಂಪತಿಗಳು ನಿಕಾಹ್‌ನಾಮಾ ಒಂದನ್ನೇ ನೆಚ್ಚಿಕೊಳ್ಳದೆ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡರೆ ಮುಂದಿನ ದೃಢೀಕರಣ ಸಲೀಸು. ಅದಕ್ಕೆ 30 ದಿನದ ನೋಟಿಸ್ ಇರುತ್ತದೆ, ರಜೆ ಸಾಲುವುದಿಲ್ಲ ಎಂಬುದು ಇಲ್ಲೇ. ಯುಎಇಯಲ್ಲಿ ಕುಟುಂಬವನ್ನು ಕರೆಸಲು ತಿಂಗಳಿಗೆ 4000 ದಿರ್ಹಮ್ ಪಗಾರ, ಇಲ್ಲವೇ 3000 ಮತ್ತು ಕಂಪನಿಯ ಮನೆ ಇರಬೇಕು.

ಮಕ್ಕಳನ್ನು ಕರೆದೊಯ್ಯುವವರು ಇನ್ನೊಂದು ಲೆಕ್ಕ ಹಾಕಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಈ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯವು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಇಲ್ಲಿಯವರಿಗೆ. ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿ. ಅದನ್ನು ಮಾಡಿಸಿಯೇ ಹೊರಡಿ. ಸಿಇಟಿಯ ಮುಖ್ಯ ನಿಯಮವೂ ಇದೆ: ಒಂದನೇ ಇಯತ್ತೆಯಿಂದ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ಮೂರನೇ ಇಯತ್ತೆಯ ಕೂಸನ್ನು ಕರೆದೊಯ್ದು ಪಿಯುಸಿಗೆ ವಾಪಸ್ ತಂದರೆ ಆ ಏಳು ವರ್ಷ ತುಂಬುವುದಿಲ್ಲ. ಎಂಟಕ್ಕೆ ತಂದರೆ ತುಂಬುತ್ತದೆ.

ದುಡ್ಡು ಮತ್ತು ಹೊಲ

ಕೆಲಸಕ್ಕಾಗಿ ದೇಶ ಬಿಟ್ಟ ಕೂಡಲೇ ವಿದೇಶಿ ವಿನಿಮಯ ಕಾಯ್ದೆಯ ಕಣ್ಣಿಗೆ ನೀವು ಅನಿವಾಸಿ. ಊರ ಬ್ಯಾಂಕಿನ ಸಾದಾ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ, ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಲ್ಲಿಂದ ಕಳಿಸುವ ದುಡಿಮೆಗೆ ಎನ್‌ಆರ್‌ಇ ಖಾತೆ. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ, ದುಡ್ಡನ್ನು ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಗೆ ಶೇ 30ರ ಮೇಲೆ ಸೆಸ್ ಸೇರಿಸಿ ಮೂಲದಲ್ಲೇ ಮುರಿಯುತ್ತಾರೆ. ಹೊಲದ ಲಾವಣಿ (ಗುತ್ತಿಗೆ ಹಣ), ಮನೆ ಬಾಡಿಗೆಯಂಥ ಇಲ್ಲಿನ ಆದಾಯ ಬರಬೇಕಾದದ್ದು ಎನ್‌ಆರ್‌ಒಗೆ. ಹಳ್ಳಿಯ ಶಾಖೆಯಲ್ಲಿ ಇದರ ಅರ್ಜಿಯೇ ಸಿಗದಿರಬಹುದು; ಜಿಲ್ಲಾ ಕೇಂದ್ರದ ಅಥವಾ ಗಂಗಾವತಿ, ಸಿಂಧನೂರಿನಂಥ ಪೇಟೆಯ ಮುಖ್ಯ ಶಾಖೆಗೆ ಹೋಗಿ. ವೀಸಾ ಕೈಗೆ ಬಂದ ಮೇಲೆ, ವಿಮಾನ ಹತ್ತುವ ಮೊದಲು, ಪಾಸ್‌ಪೋರ್ಟ್, ವೀಸಾ, ಕರಾರು ಪತ್ರ ಒಯ್ದರೆ ಎರಡೂ ಖಾತೆ ಆಗುತ್ತವೆ. ಹೋದ ಮೇಲೆ ಮಾಡಿದರೆ ಕಾಗದಗಳಿಗೆ ಅಲ್ಲಿ ದೃಢೀಕರಣದ ಸಹಿ ಹಾಕಿಸಬೇಕಾಗುತ್ತದೆ.

ಅಪ್ಪನ ಖಾತೆಗೆ ದುಡ್ಡು ಕಳಿಸುವುದು ಕಾನೂನಿಗೆ ತಪ್ಪಲ್ಲ. ಆದರೆ ಅಲ್ಲಿ ಠೇವಣಿ ಇಟ್ಟರೆ ಬಡ್ಡಿ ಅಪ್ಪನ ಆದಾಯವಾಗುತ್ತದೆ, ಮುಂದೆ ಅಣ್ಣತಮ್ಮಂದಿರ ನಡುವೆ ಅದು ಯಾರ ದುಡ್ಡು ಎಂಬ ಮಾತೂ ಬರುತ್ತದೆ. ಖಾತೆ ನಿಮ್ಮದೇ ಇರಲಿ, ಅಪ್ಪನಿಗೆ 'ಮ್ಯಾಂಡೇಟ್' ಕೊಡಿ. ಊರ ಖರ್ಚಿಗೆ ಅವರು ತೆಗೆಯಬಹುದು, ದುಡ್ಡು ನಿಮ್ಮ ಹೆಸರಲ್ಲೇ ಇರುತ್ತದೆ.

ಐಎಫ್‌ಎಸ್‌ಸಿ ಸಂಖ್ಯೆಯನ್ನು ಹಳೆಯ ಪಾಸ್‌ಬುಕ್ಕಿನಿಂದ ಬರೆದುಕೊಳ್ಳಬೇಡಿ. ನಮ್ಮ ಕಡೆ ಮನೆಮನೆಯಲ್ಲಿ ಇದ್ದದ್ದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಪಾಸ್‌ಬುಕ್. 2017ರ ಏಪ್ರಿಲ್ 1ಕ್ಕೆ ಅದು ಎಸ್‌ಬಿಐನಲ್ಲಿ ಸೇರಿತು. ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲಿ ಸೇರಿತು. ಬಳ್ಳಾರಿಯ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕ್ 2019ರಲ್ಲೇ ಹೆಸರು ಬದಲಿಸಿ, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಶಾಖೆಗೆ ಹೋಗಿ ಈಗಿನ ಸಂಖ್ಯೆ ಬರೆಸಿಕೊಂಡು ಬನ್ನಿ. ತಪ್ಪು ಸಂಖ್ಯೆಗೆ ಕಳಿಸಿದ ದುಡ್ಡು ವಾಪಸ್ ಬರುವಾಗ ಎರಡೂ ಕಡೆ ಕಮಿಷನ್ ಕಡಿತವಾಗಿರುತ್ತದೆ.

ಎಕ್ಸ್‌ಚೇಂಜ್ ಅಂಗಡಿಯಲ್ಲಿ ಶುಲ್ಕ ಮಾತ್ರ ನೋಡಬೇಡಿ. ಕೆಲವರು ಶುಲ್ಕ ಕಡಿಮೆ ಹೇಳಿ ದರದಲ್ಲಿ ಕಿತ್ತುಕೊಳ್ಳುತ್ತಾರೆ. "ಸಾವಿರ ದಿರ್ಹಮ್ ಕೊಟ್ಟರೆ ಊರಲ್ಲಿ ಎಷ್ಟು ರೂಪಾಯಿ ಬೀಳುತ್ತದೆ" ಎಂದು ಕೇಳಿದರೆ ಎಲ್ಲ ಲೆಕ್ಕ ಒಂದೇ ಉತ್ತರದಲ್ಲಿ ಬರುತ್ತದೆ. ದಿರ್ಹಮ್ ಡಾಲರಿಗೆ 3.6725, ಸೌದಿ ರಿಯಾಲ್ 3.75 ಎಂದು ಕಟ್ಟಿಹಾಕಿದ ದರ. ಆದ್ದರಿಂದ ಎಲ್ಲ ಏರಿಳಿತವೂ ಡಾಲರ್ ಮತ್ತು ರೂಪಾಯಿಯದ್ದೇ. ಡಾಲರಿನ ಸುದ್ದಿ ನೋಡಿದರೆ ದಿರ್ಹಮ್ಮಿನದ್ದೂ ನೋಡಿದಂತೆ. ಬ್ಯಾಂಕ್ ಬಿಟ್ಟು ಕೈಯಿಂದ ಕೈಗೆ ದುಡ್ಡು ಸಾಗಿಸುವ ಹುಂಡಿಯಲ್ಲಿ ನಾಲ್ಕಾಣೆ ಹೆಚ್ಚು ಸಿಗುತ್ತದೆಂದು ಹೋಗುವವರಿಗೆ ಮುಂದೆ ಮನೆ ಕಟ್ಟುವಾಗ ದುಡ್ಡು ಎಲ್ಲಿಂದ ಬಂತು ಎಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಹೊಲದ ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ಅನಿವಾಸಿಯಾದ ಮೇಲೆ ನೀವು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ನಾಲ್ಕು ಎಕರೆ ಹಿಡಿಯಬೇಕೆಂಬ ಆಸೆಯಿಂದಲೇ ಎಷ್ಟೋ ಜನ ಹೋಗಿರುತ್ತಾರೆ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಹಿರಿಯರಿಂದ ಬರುವ ಪಾಲು ತೆಗೆದುಕೊಳ್ಳಬಹುದು, ಮಾರಬಹುದು. ಮಾರುವುದು ಮಾತ್ರ ಭಾರತದಲ್ಲಿ ವಾಸವಿರುವ ಭಾರತೀಯನಿಗೆ. ನಿವೇಶನ, ಮನೆ, ಅಂಗಡಿ ಖರೀದಿಗೆ ಅಡ್ಡಿಯಿಲ್ಲ. ತಮ್ಮನ ಹೆಸರಲ್ಲಿ ಹೊಲ ಹಿಡಿದರೆ ಅದು ಬೇನಾಮಿ ಕಾಯ್ದೆಯ ಬಾಯಿಗೆ ಬೀಳುತ್ತದೆ, ಕಾಗದದಲ್ಲಂತೂ ತಮ್ಮನೇ ಮಾಲೀಕ. ಹೊಲ ಹಿಡಿಯಲೇಬೇಕಿದ್ದರೆ ಹೊರಡುವ ಮೊದಲು ಹಿಡಿಯಿರಿ, ಇಲ್ಲವೇ ಪೂರ್ತಿ ವಾಪಸ್ ಬಂದ ಮೇಲೆ.

ಅಪ್ಪ ತೀರಿಕೊಂಡು ಪಹಣಿ ಇನ್ನೂ ಅವರ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿಯೇ ಹೋಗಿ. ಅಲ್ಲಿಂದ ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸುವ ಪ್ರಸಂಗ ಬಂದರೆ ಭಾರತದ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ, ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಗಡುವು ಮೀರಿ ಕಪಾಟಿನಲ್ಲೇ ಉಳಿದ ಮುಖ್ತಿಯಾರ್ ಪತ್ರಗಳು ಬೇಕಾದಷ್ಟಿವೆ. ಎಲ್ಲ ಅಧಿಕಾರ ಕೊಡುವ ಸಾಮಾನ್ಯ ಮುಖ್ತಿಯಾರ್ ಬೇಡ. ಇಂಥ ಸರ್ವೆ ನಂಬರು, ಇಂಥ ಒಂದು ಕೆಲಸ ಎಂದು ಬರೆದ ವಿಶೇಷ ಮುಖ್ತಿಯಾರ್ ಸಾಕು.

ಇದೆಲ್ಲದರ ಬೀಗದ ಕೈ ನಿಮ್ಮ ಊರಿನ ಸಿಮ್. ಆಧಾರ್, ಬ್ಯಾಂಕ್, ಪಿಎಫ್ ಎಲ್ಲದರ ಒಟಿಪಿ ಅದಕ್ಕೇ ಬರುವುದು. ಅಂತರರಾಷ್ಟ್ರೀಯ ರೋಮಿಂಗ್ ಅನ್ನು ಇಲ್ಲಿರುವಾಗಲೇ ಚಾಲೂ ಮಾಡಿಸಿ, ಅಲ್ಲಿ ಇಳಿದ ಮೇಲೆ ಡೇಟಾ ರೋಮಿಂಗ್ ಬಂದ್ ಇಡಿ. ವ್ಯಾಲಿಡಿಟಿ ಮುಗಿಯಲು ಬಿಡಬೇಡಿ: 90 ದಿನ ಬಳಸದೆ, ಬ್ಯಾಲೆನ್ಸ್ 20 ರೂಪಾಯಿಗಿಂತ ಕೆಳಗಿದ್ದರೆ ನಂಬರ್ ಹೋಗುತ್ತದೆ, ಆಮೇಲೆ ಬೇರೆಯವರಿಗೆ ಸಿಗುತ್ತದೆ. ಯುಎಇ, ಸೌದಿ, ಕತಾರ್, ಒಮಾನಿನ ನಂಬರಿನಿಂದಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಲು 2023ರಿಂದ ಅವಕಾಶವಿದೆ, ನಿಮ್ಮ ಬ್ಯಾಂಕ್ ಕೊಡುತ್ತದೆಯೇ ಕೇಳಿ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆ ನಡೆಯುವುದಿಲ್ಲ, ಮೆಸೇಜ್ ಮಾತ್ರ. ಅವ್ವನ ಫೋನಿನಲ್ಲಿ ಕರೆ ಮಾಡುವ ಬೋಟಿಮ್ ಆ್ಯಪ್ ಹಾಕಿ, ಒತ್ತುವುದನ್ನು ಎರಡು ಸಲ ಕಲಿಸಿ ಹೋಗಿ.

ಕರಾರಿನಲ್ಲಿ ನೋಡಬೇಕಾದ ಒಂದು ಸಾಲು

ಎಲ್ಲರೂ ಒಟ್ಟು ಪಗಾರ ನೋಡುತ್ತಾರೆ. ನೋಡಬೇಕಾದದ್ದು ಮೂಲ ವೇತನ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಮೂಲ ವೇತನದ ಮೇಲೆ: ಒಂದು ವರ್ಷ ತುಂಬಿದ ಮೇಲೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ, ಆಮೇಲೆ 30 ದಿನದ್ದು. ಒಟ್ಟು 3000 ದಿರ್ಹಮ್, ಅದರಲ್ಲಿ ಮೂಲ 1500 ಎಂದುಕೊಳ್ಳಿ. ದಿನಕ್ಕೆ 50, ವರ್ಷಕ್ಕೆ 1050, ಐದು ವರ್ಷಕ್ಕೆ 5250. ಅದೇ 3000ದಲ್ಲಿ ಮೂಲ 2500 ಇದ್ದರೆ ಐದು ವರ್ಷಕ್ಕೆ 8750. ಓವರ್‌ಟೈಮಿನ ಶೇ 25 ಹೆಚ್ಚುವರಿ, ರಾತ್ರಿ 10ರಿಂದ ಬೆಳಗಿನ 4ರೊಳಗಾದರೆ ಶೇ 50 ಹೆಚ್ಚುವರಿ, ಇವೂ ಮೂಲದ ಮೇಲೇ. ಸೌದಿಯಲ್ಲಿ ಮೊದಲ ಐದು ವರ್ಷಕ್ಕೆ ಅರ್ಧ ತಿಂಗಳ ಪಗಾರ, ನಂತರ ಒಂದು ತಿಂಗಳದ್ದು. ಆದರೆ ನೀವಾಗಿ ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗೆ ಏನೂ ಇಲ್ಲ, ಐದರವರೆಗೆ ಮೂರನೇ ಒಂದು ಪಾಲು, ಹತ್ತರವರೆಗೆ ಮೂರನೇ ಎರಡು. ಯುಎಇಯಲ್ಲಿ 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನ ಮೇಲೆ ರಾಜೀನಾಮೆಗೆ ಈ ಕಡಿತ ಇಲ್ಲ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಎರಡೂ ಕಡೆ ಕಾನೂನುಬಾಹಿರ.

ಬಿಸಿಲಿನ ಬಗ್ಗೆ ನಮ್ಮವರಿಗೆ ಒಂದು ಹಮ್ಮು ಇರುತ್ತದೆ: ರಾಯಚೂರಿನ ಬಿಸಿಲು ಕಂಡವನಿಗೆ ದುಬೈ ಏನು ಅಂತ. ನಮ್ಮದು ಒಣ ಬಿಸಿಲು, ಬೆವರು ಆರುತ್ತದೆ, ಮೈ ತಣಿಯುತ್ತದೆ. ಗಲ್ಫಿನ ಸಮುದ್ರ ದಂಡೆಯಲ್ಲಿ ಆಗಸ್ಟ್ ತಿಂಗಳ ಗಾಳಿಯಲ್ಲಿ ನೀರಿನಂಶ ತುಂಬಿರುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ, ಮೈಯ ಕಾವು ಒಳಗೇ ಉಳಿಯುತ್ತದೆ. ಉಷ್ಣಾಂಶದ ಅಂಕಿ ನಮ್ಮ ಮೇ ತಿಂಗಳಿಗಿಂತ ಕಡಿಮೆ ಇದ್ದಾಗಲೂ ಜನ ಕುಸಿಯುವುದು ಇದರಿಂದ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಯಲಿನ ಕೆಲಸಕ್ಕೆ ಮಧ್ಯಾಹ್ನದ ನಿಷೇಧವಿದೆ, ಯುಎಇಯಲ್ಲಿ 12.30ರಿಂದ 3, ಸೌದಿಯಲ್ಲಿ 12ರಿಂದ 3. ಬರೀ ನೀರು ಕುಡಿದರೆ ಉಪ್ಪಿನ ಕೊರತೆ ತುಂಬುವುದಿಲ್ಲ. ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆ.

ಗಂಟು

ಗಸಗಸೆ ಒಂದು ಕಾಳೂ ಒಯ್ಯಬೇಡಿ. ಯುಎಇ, ಸೌದಿ, ಕತಾರಿನಲ್ಲಿ ಅದು ಮಾದಕ ವಸ್ತುವಿನ ಸಾಲಿನಲ್ಲಿದೆ. ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಯಲ್ಲಿ ಗಸಗಸೆ ಸೇರಿದೆಯೇ ಎಂದು ಅವ್ವನನ್ನು ಕೇಳಿ, ಅತ್ತೆ ಕೊಟ್ಟ ಪುಡಿಯದ್ದೂ ಕೇಳಿ. ಗುಟ್ಕಾ, ಪಾನ್, ಎಲೆಯಡಿಕೆ ಬೇಡ. ಟ್ರಮಡಾಲ್, ಕೋಡಿನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧ ಅನುಮತಿ ಇಲ್ಲದೆ ಒಯ್ದರೆ ಜೈಲು. ಬಿಪಿ, ಸಕ್ಕರೆ ಮಾತ್ರೆಗೂ ಡಾಕ್ಟರ ಚೀಟಿ ಜೊತೆಗಿರಲಿ, ಮಾತ್ರೆ ಅದರ ಸ್ಟ್ರಿಪ್ಪಿನಲ್ಲೇ ಇರಲಿ. ಇಡೀ ಒಣಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಿಂದ ತೆಗೆಸುತ್ತಾರೆ, ಎಣ್ಣೆಯಂಶಕ್ಕೆ ಬೆಂಕಿ ಹಿಡಿಯುತ್ತದೆಂದು. ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಖಾರದ ಪುಡಿ ದೊಡ್ಡ ಬ್ಯಾಗಿನಲ್ಲಿ ಹಾಕಿ. ಕೈಚೀಲದಲ್ಲಿ ಖಾರದ ಪುಡಿ ಬಿಡುವುದಿಲ್ಲ, ಉಪ್ಪಿನಕಾಯಿಯಂಥ ಹಸಿ ಪದಾರ್ಥ 100 ಮಿಲಿ ಮೀರುವಂತಿಲ್ಲ.

ಕಡಕ್ ರೊಟ್ಟಿ ಕೆಡುವುದು ಬಿಸಿ ಇರುವಾಗ ಕಟ್ಟಿದರೆ. ಒಳಗಿನ ಆವಿ ನೀರಾಗಿ ನಡುವಿನ ರೊಟ್ಟಿಗೆ ಬೂಸು ಹಿಡಿಯುತ್ತದೆ. ಸಣ್ಣ ಉರಿಯಲ್ಲಿ ಅಂಚೂ ನಡುವೂ ಒಂದೇ ಸಮ ಕಟಕಟ ಎನ್ನುವ ತನಕ ಸುಟ್ಟು, ಬಿಸಿಲಿಗೆ ಒಂದು ಹೊತ್ತು ಹಾಕಿ, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ತುಂಬಬೇಕು. ಅದು ಮುಗಿದ ಮೇಲೆ ಅಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಆದರೆ ಬೀಸಿ ಬಹಳ ದಿನವಾಗಿರುತ್ತದೆ, ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಜೋಳದಲ್ಲಿ ಗೋಧಿಯ ಹಾಗೆ ಅಂಟಿನ ಅಂಶ ಇಲ್ಲ, ಹಿಡಿತ ಬರುವುದು ಎಸರಿನಲ್ಲಿ ಬೆಂದ ಹಿಟ್ಟಿನಿಂದಲೇ. ಹೀಗಾಗಿ ಹಳೆ ಹಿಟ್ಟಿಗೆ ಎಸರು ಹೆಚ್ಚು ಬೇಕು: ಎರಡು ಲೋಟ ಹಿಟ್ಟಿಗೆ ಒಂದೂವರೆ ಲೋಟ ನೀರು ಕುದಿಸಿ, ಅರ್ಧ ಹಿಟ್ಟನ್ನು ಅದರಲ್ಲಿ ಹಾಕಿ ಮುಚ್ಚಿಟ್ಟು, ಕೈ ತಾಳುವಷ್ಟು ಆರಿದ ಮೇಲೆ ಉಳಿದ ಹಿಟ್ಟು ಸೇರಿಸಿ ಚೆನ್ನಾಗಿ ನಾದಿ. ಪಾಕೀಟಿನ ಮೇಲಿನ ಬೀಸಿದ ದಿನಾಂಕ ನೋಡಿ ಕೊಳ್ಳಿ, ಕಂಪನಿ ಯಾವುದಾದರೂ ಆಗಲಿ.

ಪವರ್ ಬ್ಯಾಂಕ್, ಎಲ್ಲ ಮೂಲ ಪ್ರಮಾಣಪತ್ರ, ವೀಸಾದ ಮುದ್ರಿತ ಪ್ರತಿ, ಕರಾರು, ವಿಮೆ ಕೈಚೀಲದಲ್ಲಿ. ರಾಯಚೂರಿನಿಂದ ಗಾಡಿ ಮಾಡಿಕೊಂಡು ಹೋಗುವವರು ಹೈದರಾಬಾದ್ ಊರೊಳಗೆ ಹೋಗುವ ಅಗತ್ಯವೇ ಇಲ್ಲ. ಶಕ್ತಿನಗರ, ಕೃಷ್ಣಾ ಸೇತುವೆ, ಮಕ್ತಲ್, ಮಹಬೂಬನಗರ ದಾಟಿ ಜಡ್ಚರ್ಲಾದಲ್ಲಿ 44ನೇ ಹೆದ್ದಾರಿ ಹತ್ತಿದರೆ ಶಂಷಾಬಾದ್ ಊರಿಗಿಂತ ಮೊದಲೇ ಸಿಗುತ್ತದೆ. ನಾಲ್ಕು ತಾಸಿನ ದಾರಿ. ವಿಮಾನಕ್ಕೆ ಮೂರು ತಾಸು ಮೊದಲು ಮುಟ್ಟಬೇಕು, ಇಸಿಆರ್ ಪಾಸ್‌ಪೋರ್ಟಿನವರು ಇನ್ನೂ ಅರ್ಧ ತಾಸು ಮೊದಲು, ಇಮಿಗ್ರೇಷನ್ ಕಟ್ಟೆಯಲ್ಲಿ ಅವರ ಕಾಗದ ನೋಡಲು ಹೊತ್ತು ಹಿಡಿಯುತ್ತದೆ. ಕೃಷ್ಣಾ ಸೇತುವೆಯ ಮೇಲೆ ರಿಪೇರಿ ನಡೆದಿದೆಯೇ ಎಂದು ಹಿಂದಿನ ದಿನವೇ ಗಾಡಿಯವನಿಂದ ವಿಚಾರಿಸಿಕೊಳ್ಳಿ.